ಸೀಟಿಗೂ ಮುಂಚೆ ಬೂಟು: ಒಂಬತ್ತು ತಿಂಗಳು ಕೊಟ್ಟಿಗೆಯಲ್ಲಿ ಹಾಕಿದ ಗಂಬೂಟಿನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಇದು ಟ್ರೆಕ್ಕಿಂಗ್ ಶೂ ಬಗ್ಗೆ ಅಲ್ಲ. ಮೋರಿ ಕೆಲಸದವರು, ಕಾಂಕ್ರೀಟ್ ಹಾಕುವವರು ತೊಟ್ಟಿರುತ್ತಾರಲ್ಲ, ಕಪ್ಪು ಬಣ್ಣದ್ದು, ಮಂಡಿಗೆ ಒಂದು ಗೇಣು ಕೆಳಗೆ ಬಂದು ನಿಲ್ಲುವಂಥದ್ದು, ಆ ಗಂಬೂಟು. ಬೆಲೆ 450 ರೂಪಾಯಿ. ಕೊಳ್ಳುವ ಮುಂಚೆ ನಾನೂ ಆನ್‌ಲೈನ್‌ನಲ್ಲಿ ವಿಮರ್ಶೆ ಹುಡುಕಿದ್ದೆ. "ಸೂಪರ್", "ದುಡ್ಡು ದಂಡ" ಅನ್ನುವ ಒಂದೊಂದು ಸಾಲು ಬಿಟ್ಟರೆ ಏನೂ ಸಿಗಲಿಲ್ಲ. ಸಗಣಿ ಮೇಲೆ ನಿಂತು ನೋಡಿದವರು ಯಾರೂ ಬರೆದಿರಲಿಲ್ಲ. ನಾನು ಒಂಬತ್ತು ತಿಂಗಳು ನಿಂತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಆದರೂ ಬರೆಯುತ್ತೇನೆ.

ಯಾಕೆ ಕೊಂಡೆ ಅಂತ ಹೇಳದೆ ಹೋದರೆ ಮುಂದಿನದು ಅರ್ಥ ಆಗಲ್ಲ. ನನಗೆ ವೆಟರ್ನರಿ ಓದಬೇಕು. ಎಂಬಿಬಿಎಸ್ ಸಿಗದೆ ಇದಕ್ಕೆ ಬಂದವಳಲ್ಲ, ಮೊದಲಿಂದಲೂ ಇದೇ. ನೆಂಟರ ಮನೆ ಮದುವೆಗೆ ಹೋದರೆ ಸಾಕು, "ಅಯ್ಯೋ, ದನದ ಡಾಕ್ಟ್ರಾ?" ಅಂತ ಒಂದು ಉದ್ಗಾರ, ಆಮೇಲೆ "ಪರವಾಗಿಲ್ಲ ಬಿಡು" ಅಂತ ಒಂದು ಸಮಾಧಾನ. ಯಾರು ಕೇಳಿದರು ಸಮಾಧಾನ? ಹೋಗಲಿ. ಕಳೆದ ವರ್ಷ ಸಿಇಟಿ ಬರೆದು ಆಪ್ಷನ್ ಎಂಟ್ರಿಯಲ್ಲಿ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗ, ಅಥಣಿ ಆರೂ ವೆಟರ್ನರಿ ಕಾಲೇಜು ಹಾಕಿದ್ದೆ. ಕೊನೇ ಸುತ್ತಿನವರೆಗೂ ಕಾದೆ. ಆರರಲ್ಲಿ ಒಂದೂ ಬರಲಿಲ್ಲ. ಅಪ್ಪನ ಹೆಸರಲ್ಲಿ ಒಂದು ಗುಂಟೆ ಜಮೀನೂ ಇಲ್ಲ, ಆದ್ದರಿಂದ ಕೃಷಿಕರ ಕೋಟಾ, ಅದರ ಪ್ರಾಕ್ಟಿಕಲ್ ಪರೀಕ್ಷೆ ಎಲ್ಲ ನಮಗೆ ಸಂಬಂಧ ಇಲ್ಲದ ವಿಷಯ. ನೀಟ್ ಮೂಲಕ ಹೋಗುವ 15% ಅಖಿಲ ಭಾರತ ಸೀಟುಗಳ ಕಡೆ ನೋಡುವಷ್ಟು ಅಂಕವೂ ಇರಲಿಲ್ಲ. ಮನೆಯಲ್ಲಿ ಕೂತು ಒಂದು ವಾರ ಅತ್ತೆ. ಎಂಟನೇ ದಿನ ಅಮ್ಮ ಹಾಲು ತರೋಕೆ ಕಳಿಸಿದಳು.

ನಮ್ಮ ಮನೆ ಬೆಂಗಳೂರಿನ ಕೊಡಿಗೇಹಳ್ಳಿ ಕಡೆ. ಸುತ್ತಮುತ್ತ ಅಪಾರ್ಟ್‌ಮೆಂಟ್ ಎದ್ದಿದ್ದರೂ ಹಳೇ ಊರಿನ ಬೀದಿಯಲ್ಲಿ ಇನ್ನೂ ಎರಡು ಮೂರು ಕೊಟ್ಟಿಗೆ ಉಳಿದಿವೆ. ಅದರಲ್ಲಿ ಒಂದರಲ್ಲಿ ಆರು ಹಸು, ನಾಲ್ಕು ಎಚ್‌ಎಫ್ ಕ್ರಾಸು (ಹೋಲ್‌ಸ್ಟೀನ್ ಫ್ರೀಜಿಯನ್ ಮಿಶ್ರತಳಿ), ಎರಡು ಜೆರ್ಸಿ ಕ್ರಾಸು. ನಡೆಸುವವರು ಗಂಡ ಹೆಂಡತಿ. ನಾನು ಅಣ್ಣ, ಅಕ್ಕ ಅನ್ನುತ್ತೇನೆ. ಆವತ್ತು ಕ್ಯಾನ್ ಹಿಡಿದು ನಿಂತಿದ್ದಾಗ ಲಕ್ಷ್ಮಿ ಅನ್ನುವ ಹಸು ಬೆದೆಗೆ ಬಂದಿತ್ತು, ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಮಾಡೋಕೆ ಒಬ್ಬರು ಬಂದಿದ್ದರು. ಅವರು ಭುಜದವರೆಗೂ ಗ್ಲೌಸ್ ಏರಿಸಿಕೊಂಡು ಕೆಲಸ ಮಾಡುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ಬೆಳಗ್ಗೆ ಬಂದು ಕೆಲಸ ಕಲಿಯಲಾ ಅಂತ ಅಕ್ಕನ್ನ ಕೇಳಿದೆ. ಅಕ್ಕ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಹವಾಯಿ ಚಪ್ಪಲಿ. "ಬಾ ಪುಟ್ಟಿ, ಆದ್ರೆ ಇದನ್ನ ಹಾಕ್ಕೊಂಡು ಬರಬೇಡ" ಅಂದರು.

ಗಂಬೂಟು ಕೊಳ್ಳುತ್ತೇನೆ ಅಂದಾಗ ಅಮ್ಮ ಹೇಳಿದ್ದು: "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು ಕಣೇ." ಪಕ್ಕದಲ್ಲಿ ಕೂತಿದ್ದ ತಮ್ಮ ಅದನ್ನೇ "ಸೀಟಿಗೂ ಮುಂಚೆ ಬೂಟು" ಅಂತ ಮಾಡಿದ. ಈಗಲೂ ಮನೆಯಲ್ಲಿ ಅದೇ ಹೆಸರು.

ಈಗ ಅಂಗಡಿ ವಿಷಯ. ಎಸ್‌ಜೆಪಿ ರೋಡಿನ ಒಂದು ಒಳಗಲ್ಲಿ, ಹೆಲ್ಮೆಟ್ಟು, ಗ್ಲೌಸು, ಮಿಂಚುವ ಜಾಕೆಟ್ಟು ಎಲ್ಲ ನೇತು ಹಾಕಿರುವ ಸೇಫ್ಟಿ ಸಾಮಾನಿನ ಅಂಗಡಿ. ಹೆಸರು ಹಾಕಲ್ಲ, ಯಾಕಂದರೆ ಮುಂದೆ ಸ್ವಲ್ಪ ಬೈಯುವುದಿದೆ. ನನ್ನ ಕಾಲಿಗೆ ನಂಬರ್ 5 ಆಗುತ್ತದೆ. ಅಂಗಡಿಯವರು ಕೇಳಿದ ಕೂಡಲೇ "ಲೇಡೀಸ್ ಸೈಜ್ ಬರಲ್ಲಮ್ಮ, ಆರರಿಂದ ಶುರು" ಅಂದರು. ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ, ಪೌರಕಾರ್ಮಿಕರ ಕೆಲಸಕ್ಕೆ ಎಷ್ಟು ಹೆಂಗಸರು ಬೆಳಗ್ಗೆ ಎದ್ದು ಹೋಗುತ್ತಾರೆ ಅಂತ ಒಂದು ದಿನ ರಸ್ತೆಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ, ಅವರ ಕಾಲೆಲ್ಲ ಆರನೇ ನಂಬರಿನದ್ದಾ? ಕೇಳಿದೆ. "ಎರಡು ಜೊತೆ ಸಾಕ್ಸ್ ಹಾಕ್ಕೊಳಿ" ಅಂದರು. ಅದೂ ಸರಿ, ಆರು ತೋರಿಸಿ ಅಂದರೆ ಆರು ಸ್ಟಾಕ್ ಇಲ್ಲ. ಕೊಟ್ಟಿದ್ದು ಏಳು. ಒಂದು ವಾರದಲ್ಲಿ ಆರು ಬರುತ್ತದೆ, ಬದಲಾಯಿಸಿ ಕೊಡುತ್ತೇನೆ ಅಂದಿದ್ದರು. ವಾರ ಬಿಟ್ಟು ಹೋದರೆ "ಉಪಯೋಗಿಸಿದ ಮಾಲು ವಾಪಸ್ ತಗೊಳಲ್ಲ" ಅಂದರು. ಉಪಯೋಗಿಸದೆ ಇಟ್ಟುಕೊಳ್ಳೋಕೆ ಅದೇನು ರೇಷ್ಮೆ ಸೀರೆನಾ? ಅಂಗಡಿಗೆ ಐದಕ್ಕೆ ಎರಡು.

ಸ್ಟೀಲ್ ಟೋ ಇರುವುದು, ಅಂದರೆ ಬೆರಳಿನ ಮೇಲೆ ಒಳಗಡೆ ಲೋಹದ ಟೋಪಿ ಇರುವುದು, ಆ ಅಂಗಡಿಯಲ್ಲಿ ಹೆಚ್ಚು ಕಮ್ಮಿ ಎರಡರಷ್ಟು ಬೆಲೆ. ಭಾರ ಅನ್ನಿಸಿತು, ಬಿಟ್ಟೆ. ಆ ತಪ್ಪಿನ ಲೆಕ್ಕ ಮುಂದೆ ಬರುತ್ತದೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಹಿಡಿತ ಚೆನ್ನಾಗಿದೆ. ಬೆಳಗ್ಗೆ ಐದಕ್ಕೆ ಕೊಟ್ಟಿಗೆ ನೆಲದ ಮೇಲೆ ಗಂಜಳ, ಸಗಣಿ, ತೊಳೆದ ನೀರು, ಚೆಲ್ಲಿದ ಬೂಸಾ ಎಲ್ಲ ಸೇರಿ ಸೋಪು ಹಚ್ಚಿದ ಹಾಗಿರುತ್ತದೆ. ಮೊದಲ ದಿನ ಚಪ್ಪಲಿಯಲ್ಲಿ ಹೋಗಿದ್ದರೆ ಹಲ್ಲು ಮುರಿಯುತ್ತಿತ್ತು. ಈ ಬೂಟಿನ ಅಡಿಯಲ್ಲಿ ಅಡ್ಡಡ್ಡ ಆಳವಾದ ಗೆರೆ ಇವೆ, ಒಂಬತ್ತು ತಿಂಗಳಲ್ಲಿ ಜಾರಿದ್ದು ಒಂದೇ ಸಲ. ಆವತ್ತೂ ತಪ್ಪು ನನ್ನದು, ಗೆರೆಯಲ್ಲಿ ಸಗಣಿ ಮೆತ್ತಿ ಒಣಗಿತ್ತು, ಕಡ್ಡಿಯಲ್ಲಿ ಕೆರೆದು ತೆಗೆದಿರಲಿಲ್ಲ. ಎತ್ತರವೂ ಸರಿಯಾಗಿದೆ. ಗಂಜಳ ಕಾಲಿಗೆ ತಾಗಲ್ಲ. ಇಲಿ ಓಡಾಡುವ ಜಾಗದಲ್ಲಿ ಗಾಯ ಇರುವ ಕಾಲಲ್ಲಿ ನೀರಿಗೆ ಇಳಿಯುವುದು ಒಳ್ಳೆಯದಲ್ಲ, ಇಲಿ ಜ್ವರ ಬರುವ ದಾರಿಯೇ ಅದು. ತೊಳೆಯುವುದಂತೂ ಸುಲಭ, ಪೈಪ್ ಹಿಡಿದರೆ ಆಯಿತು.

ಆದರೆ ಸೆಕೆ! ಚಳಿಗಾಲದಲ್ಲಿ ಗೊತ್ತೇ ಆಗಲ್ಲ. ಮಾರ್ಚ್ ಬಂದ ಮೇಲೆ ಎರಡು ಜೊತೆ ಸಾಕ್ಸ್ ಹಾಕಿ ಎರಡು ಗಂಟೆ ನಿಂತರೆ ಬೂಟಿನೊಳಗೆ ಇಡ್ಲಿ ಬೇಯಿಸಬಹುದು. ಒಳಗಡೆ ಬಟ್ಟೆಯ ಲೈನಿಂಗ್ ಇದೆ, ಅದು ಒದ್ದೆಯಾದರೆ ಎರಡು ದಿನ ಒಣಗಲ್ಲ. ಬಿಸಿಲಿಗೆ ಇಟ್ಟೆ, ಒಣಗಿತು, ಆದರೆ ಬೂಟು ಗಟ್ಟಿಯಾಗೋಕೆ ಶುರುವಾಯಿತು. ಇದು ರಬ್ಬರ್ ಅಲ್ಲ, ಪಿವಿಸಿ. ಈಗ ಮಾಡುವುದು ಇಷ್ಟು: ತೊಳೆದು, ಒಳಗೆ ಹಳೇ ಪೇಪರ್ ತುರುಕಿ, ನೆರಳಲ್ಲಿ ಎರಡು ಕೋಲಿಗೆ ತಲೆಕೆಳಗಾಗಿ ಸಿಕ್ಕಿಸಿಡುವುದು. ನಮ್ಮ ಟೆರೇಸಿನಲ್ಲಿ ಆ ಎರಡು ಕಪ್ಪು ಕಾಲು ಆಕಾಶಕ್ಕೆ ಎದ್ದು ನಿಂತಿರುವುದನ್ನು ನೋಡಿ ಮೇಲಿನ ಮನೆ ಮಗು ಒಂದು ದಿನ ಅತ್ತುಬಿಟ್ಟಿತು. ಹಾಕಿಕೊಳ್ಳುವ ಮುಂಚೆ ಕೊಡವಿ ನೋಡಿ, ಜಿರಳೆ ಗ್ಯಾರಂಟಿ.

ನನ್ನ ದಿನ ಹೇಗಿತ್ತು ಅಂದರೆ, ಐದಕ್ಕೆ ಕೊಟ್ಟಿಗೆ. ಸಗಣಿ ಬಾಚುವುದು, ಬೂಸಾ ಹಿಂಡಿ ಕಲಸುವುದು, ಸೀಮೆಹುಲ್ಲು ಕತ್ತರಿಸುವುದು, ಕೆಚ್ಚಲು ತೊಳೆದು ಒರೆಸುವುದು. ಹಾಲು ಕರೆಯುವುದನ್ನು ಅಕ್ಕ ಮೂರು ತಿಂಗಳು ಆದ ಮೇಲೆ ಬಿಟ್ಟುಕೊಟ್ಟರು, ಅದೂ ಒಂದು ಜೆರ್ಸಿ ಮಾತ್ರ, ಅದು ಸಾಧು. ಏಳೂವರೆಗೆ ಮನೆ, ಸ್ನಾನ, ಎಂಟೂವರೆಗೆ ಬಸ್ಸು, ಮಲ್ಲೇಶ್ವರದಲ್ಲಿ ಕೋಚಿಂಗ್. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಹತ್ತಿರ ಬಸ್ಸು ನಿಧಾನವಾದಾಗ (ಅಲ್ಲಿ ಯಾವ ಬಸ್ಸು ತಾನೇ ನಿಧಾನ ಆಗಲ್ಲ) ವೆಟರ್ನರಿ ಕಾಲೇಜಿನ ಮರಗಳ ಕಡೆ ನೋಡುವುದು. 1958ರ ಕಾಲೇಜು ಅದು. ದಿನಾ ಅದರ ಮುಂದೆಯೇ ಹೋಗಬೇಕು, ಒಳಗೆ ಹೋಗುವ ಹಾಗಿಲ್ಲ. ಸಂಜೆ ಅದೇ ರಸ್ತೆಯಲ್ಲಿ ವಾಪಸ್ಸು. ರಾತ್ರಿ ಹಳೇ ಪ್ರಶ್ನೆಪತ್ರಿಕೆ, ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಗಡಿಯಾರ ಇಟ್ಟುಕೊಂಡು. ಕೋಚಿಂಗಿನಲ್ಲಿ ಮೊದಲ ತಿಂಗಳು ನನ್ನ ಪಕ್ಕ ಕೂರುತ್ತಿದ್ದವಳು ಎರಡನೇ ತಿಂಗಳು ಎರಡು ಬೆಂಚು ಹಿಂದೆ ಹೋದಳು. ವಾಸನೆ. ಎಷ್ಟು ಉಜ್ಜಿದರೂ ಕೊಟ್ಟಿಗೆ ಕೂದಲಲ್ಲಿ ಉಳಿಯುತ್ತದೆ, ಅದನ್ನು ಬೂಟು ತಡೆಯಲ್ಲ. ಈ ಕಾರಣಕ್ಕೆ ಸ್ಟಾರ್ ಕಮ್ಮಿ ಮಾಡುವುದು ನ್ಯಾಯ ಅಲ್ಲ, ಮಾಡಿಲ್ಲ.

ಒಂದು ಸಣ್ಣ ಹೊಟ್ಟೆಕಿಚ್ಚು. ಎರಡನೇ ಪಿಯುಸಿ ಬಯಾಲಜಿಯಲ್ಲಿ ಮುಂಚೆ ಪಶುಸಂಗೋಪನೆ ಬಗ್ಗೆ ಒಂದು ಅಧ್ಯಾಯದಲ್ಲಿ ನಾಲ್ಕಾರು ಪುಟ ಇತ್ತು, ತಳಿ, ಸಂಕರ, ಭ್ರೂಣ ವರ್ಗಾವಣೆ ಎಲ್ಲ. ಪಠ್ಯ ಕಡಿಮೆ ಮಾಡುವಾಗ ಎನ್‌ಸಿಇಆರ್‌ಟಿಯವರು ಆ ಅಧ್ಯಾಯವನ್ನೇ ತೆಗೆದರು. ಅವೆನ್ಯೂ ರೋಡಲ್ಲಿ ಹಳೇ ಪುಸ್ತಕ ಕೊಂಡಾಗ ನನಗೆ ಅದು ಸಿಕ್ಕಿತು. ಹಸು ಡಾಕ್ಟರ್ ಆಗೋಕೆ ಹೊರಟವರ ಪುಸ್ತಕದಲ್ಲಿ ಹಸು ಇದ್ದ ಒಂದೇ ಜಾಗ ಅದು, ಅದೂ ಪರೀಕ್ಷೆಗಿಲ್ಲ. ರಾತ್ರಿ ಓದಿ ಓದಿ ಸಾಕಾದಾಗ ಸುಮ್ನೆ ಅದನ್ನು ತೆಗೆದು ಓದುತ್ತಿದ್ದೆ.

ಸ್ಟೀಲ್ ಟೋ ಲೆಕ್ಕಕ್ಕೆ ಬರುತ್ತೇನೆ. ನವೆಂಬರಿನಲ್ಲಿ ಗೌರಿ ನನ್ನ ಬಲಗಾಲಿನ ಮೇಲೆ ಕಾಲಿಟ್ಟಳು. ನಾನೂರು ಕಿಲೋಗೆ ಮೇಲಿನ ಹಸು. ಕೋಪ ಇಲ್ಲ, ದ್ವೇಷ ಇಲ್ಲ, ನೊಣ ಓಡಿಸೋಕೆ ಕಾಲು ಎತ್ತಿದವಳು ಇಳಿಸುವಾಗ ಕೆಳಗೆ ನನ್ನ ಕಾಲು ಇತ್ತು, ಅಷ್ಟೇ. ನಾನು ಕಾಲು ಎಳೆದುಕೊಳ್ಳೋಕೆ ನೋಡಿದೆ, ಎಳೆದಷ್ಟೂ ಅವಳು ಗಟ್ಟಿಯಾಗಿ ನಿಂತಳು. ಅಕ್ಕ ಬಂದು ಗೌರಿ ಭುಜಕ್ಕೆ ಭುಜ ಕೊಟ್ಟು ಆ ಕಡೆ ಒಂದು ನೂಕು ನೂಕಿದರು, ಭಾರ ಆಚೆ ಕಾಲಿಗೆ ಹೋಯಿತು, ಕಾಲು ಬಿಟ್ಟಿತು. ಹೆಬ್ಬೆರಳಿನ ಉಗುರು ಕಪ್ಪಾಗಿ, ಎರಡು ತಿಂಗಳಿಗೆ ಬಿದ್ದುಹೋಗಿ, ಹೊಸದು ಬಂತು. ಬೂಟು ಎರಡು ಸೈಜ್ ದೊಡ್ಡದಿದ್ದಿದ್ದರಿಂದ ಬೆರಳಿನ ಮುಂದೆ ಸ್ವಲ್ಪ ಖಾಲಿ ಜಾಗ ಇತ್ತು, ಅದಕ್ಕೇ ಇಷ್ಟಕ್ಕೆ ಮುಗಿಯಿತು ಅಂತ ತಮ್ಮನ ವಾದ. ಅಂಗಡಿಯವರಿಗೆ ಥ್ಯಾಂಕ್ಸ್ ಹೇಳಬೇಕಂತೆ.

ಸಂಕ್ರಾಂತಿ ಕಳೆದು ಮದುವೆ ಸೀಸನ್ ಶುರುವಾದ ಮೇಲೆ ಇನ್ನೊಂದು ನಡೆಯಿತು. ಯಾರೋ ಪುಣ್ಯ ಬರಲಿ ಅಂತ ಕಲ್ಯಾಣ ಮಂಟಪದಲ್ಲಿ ಉಳಿದ ಅನ್ನವನ್ನು ತಂದು ಜೆರ್ಸಿ ಮುಂದೆ ಒಂದು ಡಬರಿ ಸುರಿದು ಹೋದರು. ಹಸುವಿನ ಹೊಟ್ಟೆ ಹುಲ್ಲಿಗೆ ಹೊಂದಿಕೊಂಡಿರುವುದು. ಒಂದೇ ಸಲಕ್ಕೆ ಅಷ್ಟು ಅನ್ನ ಬಿದ್ದರೆ ರೂಮೆನ್ನಿನಲ್ಲಿ, ಅಂದರೆ ಹೊಟ್ಟೆಯ ಮೊದಲ ದೊಡ್ಡ ಚೀಲದಲ್ಲಿ, ಹುಳಿ ಏರುತ್ತದೆ, ಮೆಲುಕು ನಿಲ್ಲುತ್ತದೆ, ಜೀವವೂ ಹೋಗಬಹುದು. ಬೆಳಗ್ಗೆ ನೋಡಿದರೆ ಸಾಧು ಪ್ರಾಣಿ ತಲೆ ತಗ್ಗಿಸಿ, ಹಲ್ಲು ಕಡಿಯುತ್ತಾ ನಿಂತಿತ್ತು. ಡಾಕ್ಟ್ರು ಬಂದರು. ಅವರು ಒಳಗೆ ಬರುವ ಮುಂಚೆ ಗೇಟಿನ ಹತ್ತಿರ ನಿಂತು, ಬಕೆಟ್ ನೀರು ಕೇಳಿ, ಸ್ಕೂಟರಿನ ಡಿಕ್ಕಿಯಿಂದ ಬ್ರಷ್ ತೆಗೆದು ತಮ್ಮ ಬೂಟನ್ನು ಅಡಿಯಿಂದ ಮೇಲಿನವರೆಗೆ ಉಜ್ಜಿದರು. ನಾನು ಅಂದುಕೊಂಡೆ, ಬೂಟು ಆಗಲೇ ಪಳಪಳ ಅನ್ನುತ್ತಿದೆಯಲ್ಲ! ಅಡುಗೆ ಸೋಡಾ ನೀರು ಕುಡಿಸಿ, ಡ್ರಿಪ್ ಹಾಕಿ, ಎಲ್ಲ ಆದ ಮೇಲೆ ಹೊರಗೆ ಹೋಗಿ ಮತ್ತೆ ಅದೇ ಉಜ್ಜುವುದು. ಆಮೇಲೆ ನನ್ನ ಕಾಲು ನೋಡಿ ಕೇಳಿದರು, "ಏನಮ್ಮ, ಪಕ್ಕದ ಕೊಟ್ಟಿಗೆಗೂ ಇದರಲ್ಲೇ ಹೋಗ್ತೀಯಾ?" ಹೌದು ಸರ್, ಅಂದೆ ಹೆಮ್ಮೆಯಿಂದ. "ಹಾಗಾದ್ರೆ ಕಾಲುಬಾಯಿ ರೋಗಕ್ಕೆ ನಿನ್ನ ಬೂಟೇ ಬಸ್ಸು. ಟಿಕೆಟ್ಟೂ ಬೇಡ."

ಆವತ್ತಿಂದ ನನ್ನ ಬಕೆಟ್ ಬೇರೆ. ಮೊದಲು ಬ್ರಷ್‌ನಲ್ಲಿ ಸಗಣಿ ಪೂರ್ತಿ ತೆಗೆಯಬೇಕು, ಕೊಳೆ ಇದ್ದರೆ ಔಷಧಿ ಅದರ ಮೇಲೇ ನಿಲ್ಲುತ್ತದೆ, ಒಳಗೆ ಇಳಿಯಲ್ಲ. ಆಮೇಲೆ ವಾಷಿಂಗ್ ಸೋಡಾ, ಲೀಟರಿಗೆ 40 ಗ್ರಾಂ, ಅಂದರೆ 4%. ದಿನಸಿ ಅಂಗಡಿಯಲ್ಲೇ ಸಿಗುತ್ತದೆ, ಕಾಲುಬಾಯಿ ವೈರಸ್‌ಗೆ ಅದೇ ಸಾಕು. ಈ ಬೂಟು ಸೋಡಾ ನೀರನ್ನು ದಿನಾ ತಡೆದುಕೊಂಡಿದೆ, ಬಣ್ಣ ಸ್ವಲ್ಪ ಮಾಸಿದ್ದು ಬಿಟ್ಟರೆ ಏನೂ ಆಗಿಲ್ಲ. ಇದಕ್ಕೆ ಪೂರ್ತಿ ಅಂಕ.

ಮನೆಯವರ ವಿಮರ್ಶೆಯೂ ಒಂದಿದೆ. ಮೇ ತಿಂಗಳ ಆ ಒಂದು ರಾತ್ರಿ ಮಳೆಗೆ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ, ನೀರಿನ ಸಂಪಿನೊಳಗೆ ಮೋರಿ ನೀರು ಹೋಗದ ಹಾಗೆ ಮರಳು ಮೂಟೆ ಇಡೋಕೆ ಅಪ್ಪ ಹುಡುಕಿದ್ದು ಇದೇ ಬೂಟನ್ನು. ಅವರ ಕಾಲು ನಂಬರ್ 8. ಏಳರಲ್ಲಿ ತುರುಕಿಕೊಂಡು ಹೋದರು, ವಾಪಸ್ ಬಂದ ಮೇಲೆ ತೆಗೆಯೋಕೆ ಇಬ್ಬರು ಎಳೆಯಬೇಕಾಯಿತು. ಎಡಗಾಲಿನ ಬೂಟು ಮಡಚುವ ಜಾಗದಲ್ಲಿ ಬಿರುಕು ಬಿಟ್ಟಿದ್ದು ಆವತ್ತೇ ಅಂತ ನನ್ನ ಅನುಮಾನ. ಅಪ್ಪ ಒಪ್ಪಲ್ಲ. ಪಂಕ್ಚರ್ ಅಂಗಡಿಗೆ ತೆಗೆದುಕೊಂಡು ಹೋದೆ. ಅವರು ಉಗುರಲ್ಲಿ ಕೆರೆದು ನೋಡಿ, "ಇದು ರಬ್ಬರಲ್ಲ, ನಮ್ಮ ಸೊಲ್ಯೂಷನ್ ಹಿಡಿಯಲ್ಲ" ಅಂದರು. ಆದರೂ ಬಲವಂತ ಮಾಡಿ ಒಂದು ಪ್ಯಾಚ್ ಹಾಕಿಸಿದೆ. ಎರಡು ದಿನ ಇತ್ತು.

ಆ ಬಿರುಕಿನ ಜೊತೆಗೇ ಲಕ್ಷ್ಮಿ ದಿನ ತುಂಬಿತು. ಹಸುಗೆ ಸುಮಾರು 280 ದಿನ. ನಾನು ಬೂಟು ಕೊಂಡ ವಾರವೇ ಇಂಜೆಕ್ಷನ್ ಆಗಿದ್ದು, ಹಾಗಾಗಿ ಲೆಕ್ಕ ನನಗೆ ಬಾಯಿಪಾಠ. ರಾತ್ರಿ ಎರಡು ಗಂಟೆಗೆ ಅಕ್ಕನ ಫೋನು. ಹೋಗುವ ಹೊತ್ತಿಗೆ ನೀರಿನ ಚೀಲ ಕಾಣಿಸುತ್ತಿತ್ತು. ಆಮೇಲೆ ಎರಡು ಬಿಳಿ ಗೊರಸಿನ ತುದಿ, ಅಂಗಾಲು ಕೆಳಗೆ ಮುಖ ಮಾಡಿಕೊಂಡು. ಅಂದರೆ ಮುಂಗಾಲು, ಸರಿಯಾಗಿದೆ. ಅದರ ಮೇಲೆ ಒಂದು ಮೂಗು, ನಾಲಿಗೆ ಸ್ವಲ್ಪ ಹೊರಗೆ. ಅರ್ಧ ಗಂಟೆ ಆದರೂ ಮುಂದೆ ಬರಲಿಲ್ಲ. ಅಣ್ಣ ಹಗ್ಗ ಕಟ್ಟಿದರು, ನನ್ನ ಕೈಗೂ ಒಂದು ತುದಿ ಕೊಟ್ಟರು. ಅವಳು ಮುಕ್ಕಿದಾಗ ಮಾತ್ರ ಎಳೆಯಬೇಕು, ನೇರವಾಗಿ ಅಲ್ಲ, ನೆಲದ ಕಡೆಗೆ. ಮೂರನೇ ಸಲಕ್ಕೆ ತಲೆ ಬಂತು, ಆಮೇಲೆ ಭುಜ, ಆಮೇಲೆ ಎಲ್ಲ ಒಂದೇ ಸಲ. ಕರುವಿನ ಜೊತೆ ಬಂದ ನೀರು ಪೂರ್ತಿ ನನ್ನ ತೊಡೆ ಮೇಲಿಂದ ಇಳಿದು, ಪ್ಯಾಂಟನ್ನು ಸ್ಟೈಲಾಗಿ ಬೂಟಿನೊಳಗೆ ಸೇರಿಸಿದ್ದೆನಲ್ಲ, ಎರಡೂ ಬೂಟಿನೊಳಗೆ ತುಂಬಿತು. ಬಿಸಿಬಿಸಿ. ಬಿರುಕು ಇದ್ದ ಎಡಬೂಟಿನಿಂದ ಸಣ್ಣಗೆ ಹೊರಗೆ ಸೋರುತ್ತಿತ್ತು, ಬಲಗಡೆಯದು ತುಂಬಿಕೊಂಡೇ ಇತ್ತು. ಅದೇ ಬೂಟಲ್ಲಿ ಪಚಕ್ ಪಚಕ್ ಅಂತ ಓಡಾಡಿ ಕರುವಿನ ಮೂಗು ಬಾಯಿ ಒರೆಸಿದೆ. ಅಕ್ಕ ಒಂದು ಹುಲ್ಲುಕಡ್ಡಿ ಮೂಗಿಗೆ ಹಾಕಿದರು, ಕರು ಸೀನಿತು. ಹೆಣ್ಣು ಕರು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಅದ್ದಿದ್ದು ನಾನೇ.

ಬೆಳಗ್ಗೆ ಡಾಕ್ಟ್ರು ಬಂದಾಗ ಬೂಟು ತುಂಬಿದ ಕಥೆಯನ್ನು ತಮಾಷೆಯಾಗಿ ಹೇಳೋಕೆ ಹೋದೆ. ಅವರು ನಗಲಿಲ್ಲ. ಬರಿಗೈಯಲ್ಲಿ ಮಾಡಿದೆಯಾ, ಕಾಲಲ್ಲಿ ಗಾಯ ಇದೆಯಾ ಅಂತ ಕೇಳಿದರು. ಬ್ರೂಸೆಲ್ಲಾ ಅನ್ನುವ ರೋಗಾಣು ಈ ನೀರು, ಈ ಮಾಸಿನಿಂದಲೂ ಮನುಷ್ಯರಿಗೆ ಅಂಟುತ್ತದೆ. ಲಕ್ಷ್ಮಿಗೆ ಕರುವಾಗಿದ್ದಾಗಲೇ ಲಸಿಕೆ ಆಗಿದೆ ಅಂತ ಅಣ್ಣ ಹೇಳಿದ ಮೇಲೆ ಸ್ವಲ್ಪ ತಣ್ಣಗಾದರು. ಈ ಕರುವಿಗೂ ನಾಲ್ಕರಿಂದ ಎಂಟು ತಿಂಗಳ ಒಳಗೆ ಹಾಕಿಸಬೇಕು ಅಂತ ಬರೆದುಕೊಟ್ಟರು. ಹೋಗುವಾಗ ತಮ್ಮ ಕಾಲು ತೋರಿಸಿದರು. ಪ್ಯಾಂಟು ಬೂಟಿನ ಹೊರಗೆ ಇಳಿಬಿಟ್ಟಿತ್ತು, ಮಳೆ ಅಂಗಿಯ ಬಟ್ಟೆಯದು. ಮೇಲಿಂದ ಏನು ಬಿದ್ದರೂ ಹೊರಗಡೆಯಿಂದಲೇ ನೆಲಕ್ಕೆ ಹೋಗುತ್ತದೆ. ಇಷ್ಟು ಸಣ್ಣ ವಿಷಯ ನನಗೆ ಯಾಕೆ ಹೊಳೆಯಲಿಲ್ಲ ಅಂತ ಇವತ್ತಿಗೂ ಬೇಜಾರು. ಸಂಜೆ ಅಕ್ಕ ಒಂದು ಡಬ್ಬಿ ಗಿಣ್ಣು ಕಳಿಸಿದರು, ಕರು ಹೊಟ್ಟೆ ತುಂಬ ಕುಡಿದು ಉಳಿದ ಹಾಲಿನದು, ಬೆಲ್ಲ ಏಲಕ್ಕಿ ಹಾಕಿ. ಅಮ್ಮ ತಿಂದು, ಕುಲಾವಿ ಬಗ್ಗೆ ಏನೂ ಹೇಳಲಿಲ್ಲ.

ಒಟ್ಟಿನಲ್ಲಿ ಬೂಟಿಗೆ ಐದಕ್ಕೆ ಮೂರೂವರೆ. 450 ರೂಪಾಯಿಗೆ ಒಂಬತ್ತು ತಿಂಗಳು ಅಂದರೆ ತಿಂಗಳಿಗೆ 50, ಒಂದು ಹೊತ್ತಿನ ತಿಂಡಿ ದುಡ್ಡು. ನಾಯಿ ಬೆಕ್ಕಿನ ಕ್ಲಿನಿಕ್ಕಿಗೆ ಹೋಗಿ ಕಲಿಯುವವರಿಗೆ ಇದು ಬೇಡ. ಕೊಟ್ಟಿಗೆಗೆ ಹೋಗುವವರು ಸ್ಟೀಲ್ ಟೋ ತೆಗೆದುಕೊಳ್ಳಿ, ದುಡ್ಡು ಇದ್ದರೆ ರಬ್ಬರ್‌ದು ನೋಡಿ, ಲೈನಿಂಗ್ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳ ಸೈಜ್ ಇಟ್ಟಿರುವ ಅಂಗಡಿ ಬೆಂಗಳೂರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಸಿಇಟಿ ಈ ಸಲ ಪರವಾಗಿಲ್ಲ ಅನ್ನುವ ಹಾಗೆ ಬರೆದಿದ್ದೇನೆ. ರ‍್ಯಾಂಕ್ ಇನ್ನೂ ಬಂದಿಲ್ಲ. ಬೀದರ್ ಸಿಕ್ಕರೂ ಹೋಗುತ್ತೇನೆ, ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಎಲ್ಲಿದ್ದರೇನು. ಹೊಸ ಬೂಟು ಮಾತ್ರ ರ‍್ಯಾಂಕ್ ಬಂದ ಮೇಲೆ ಕೊಳ್ಳೋಣ ಅಂತ ಅಮ್ಮನ ಅಭಿಪ್ರಾಯ. ನಾನೂ ಮೊದಲು ಹೂಂ ಅಂದಿದ್ದೆ. ಆದರೆ ಗೌರಿಗೆ ಜುಲೈ ಎರಡನೇ ವಾರ ದಿನ ತುಂಬುತ್ತದೆ, ಅವಳು ಸಿಇಟಿ ನಡೆಸುವ ಕೆಇಎ ವೆಬ್‌ಸೈಟ್ ನೋಡಿಕೊಂಡು ಕರು ಹಾಕಲ್ಲ. ಶನಿವಾರ ಎಸ್‌ಜೆಪಿ ರೋಡಿಗೆ ಹೋಗುತ್ತಿದ್ದೇನೆ, ಬೇರೆ ಅಂಗಡಿಗೆ.